ಮುತ್ತಿಗೆ ಕತ್ತರಿ, ಮಚ್ಚಿಗೆ ವಿನಾಯಿತಿ: ಈ ಅಳತೆಗೋಲು ಯಾರದ್ದು?

ಈ ವಾರದ ವಿಡಿಯೋದಲ್ಲಿ ಆಡಿದ ಮಾತುಗಳ ಬರಹರೂಪ ಇದು. ಲೋಕಲ್ ಟ್ರೇನ್‌ನಲ್ಲಿ, ಆಫೀಸ್ ಕ್ಯಾಬ್‌ನಲ್ಲಿ ಕೂತು ಓದುವವರಿಗೆ ಅನುಕೂಲ ಆಗಲಿ ಅಂತ ಮಾತಿನ ಧಾಟಿಯನ್ನ ಹಾಗೇ ಉಳಿಸಿಕೊಂಡು, ಇಸವಿ ಮತ್ತು ಹೆಸರುಗಳನ್ನ ಒಂದು ಕಡೆ ಜೋಡಿಸಿ ಕೊಡ್ತಾ ಇದ್ದೀನಿ.

ವಿಷಯ ಇಷ್ಟೇ. ಪುಣೆ ಇರಲಿ, ಹೈದರಾಬಾದ್ ಇರಲಿ, ಚೆನ್ನೈ ಇರಲಿ, ನಮ್ಮ ಮನೆಗಳಲ್ಲಿ ಎಲ್ಲೂ ಬರೆದಿಡದ ಒಂದು ನಿಯಮ ಇದೆ. ಟಿವಿಯಲ್ಲಿ ಹೀರೋ ಹತ್ತು ಜನರನ್ನ ಮಚ್ಚಿನಲ್ಲಿ ಕೊಚ್ಚಿದರೆ ಯಾರೂ ಅಲ್ಲಾಡಲ್ಲ. ಅನ್ನಕ್ಕೆ ಸಾರು ಕಲಸಿಕೊಂಡು ಆರಾಮಾಗಿ ನೋಡ್ತೀವಿ. ಅದೇ ಒಂದು ಮುತ್ತಿನ ದೃಶ್ಯ ಬರಲಿ, ಒಬ್ಬರಿಗೆ ನೀರು ಕುಡಿಯೋದು ನೆನಪಾಗುತ್ತೆ, ಇನ್ನೊಬ್ಬರಿಗೆ ಫೋನ್ ನೋಡೋದು ನೆನಪಾಗುತ್ತೆ, ಮೂರನೆಯವರು ರಿಮೋಟ್ ಹುಡುಕ್ತಾರೆ. ಊರಿಂದ ಅತ್ತೆ-ಮಾವ ಬಂದು ಪಕ್ಕದಲ್ಲಿ ಕೂತಿದ್ದರಂತೂ ಮುಗಿದೇ ಹೋಯ್ತು. ಯಾಕೆ ಹೀಗೆ ಅಂತ ಕೇಳಿದರೆ ಉತ್ತರ ರೆಡಿ ಇದೆ: ಅದು ನಮ್ಮ ಸಂಸ್ಕೃತಿ, ಫಾರಿನ್‌ನವರ ಥರ ಅಲ್ಲ ನಾವು.

ನಾನು ಇವತ್ತು ಹೇಳೋಕೆ ಹೊರಟಿರೋದು ಏನಂದ್ರೆ, ಈ ಉತ್ತರ ಅರ್ಧ ಮಾತ್ರ ಸರಿ. ಮನೆಯವರೆಲ್ಲ ಜೊತೆಗೆ ಕೂತು ನೋಡುವಾಗ ಆಗುವ ಸಂಕೋಚ ಹಳೆಯದು, ನಿಜ. ಆದರೆ ಮುತ್ತು ತಪ್ಪು, ಮಚ್ಚು ಪರವಾಗಿಲ್ಲ ಅನ್ನುವ ತಕ್ಕಡಿ ಹಳೆಯದಲ್ಲ. ಅದರಲ್ಲಿ ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಒಂದು ತೀರ್ಪಿದೆ, ನಮ್ಮ ಸರ್ಕಾರಗಳ ಭಯ ಇದೆ, ಕೆಲವು ಸಮಿತಿಗಳ ವರದಿ ಇದೆ. ಬೇರೆ ದೇಶಗಳ ತಕ್ಕಡಿಗಳೂ ಹೀಗೇ ತಯಾರಾಗಿವೆ. ಒಂದೊಂದಾಗಿ ನೋಡೋಣ.

ಭರತಮುನಿಯ ಪಟ್ಟಿಯಲ್ಲಿ ಎರಡೂ ಇತ್ತು

ಮೊದಲು ಅತ್ತೆ-ಮಾವನ ವಿಷಯಕ್ಕೇ ಬರೋಣ. ಭರತನ ನಾಟ್ಯಶಾಸ್ತ್ರದಲ್ಲಿ ರಂಗದ ಮೇಲೆ ಏನೇನು ತೋರಿಸಬಾರದು ಅಂತ ಒಂದು ಪಟ್ಟಿ ಇದೆ. ಮುತ್ತು, ಅಪ್ಪುಗೆ, ಹಲ್ಲು-ಉಗುರಿನ ಗುರುತು, ಹಾಸಿಗೆಯ ದೃಶ್ಯ ಯಾವುದೂ ಬೇಡ ಅನ್ನುತ್ತೆ. ಊಟ ಮಾಡೋದು, ನೀರಾಟ ಆಡೋದು ಕೂಡ ಆ ಪಟ್ಟಿಯಲ್ಲಿದೆ! ಕಾರಣ ಏನು ಕೊಡ್ತಾನೆ ಗೊತ್ತಾ? ನಾಟಕವನ್ನ ಅಪ್ಪ, ಮಗ, ಸೊಸೆ, ಅತ್ತೆ ಎಲ್ಲ ಒಟ್ಟಿಗೆ ಕೂತು ನೋಡ್ತಾರೆ, ಅದಕ್ಕೆ. ಅಂದ್ರೆ ನಮ್ಮ ಹಾಲ್‌ನಲ್ಲಿ ಸೋಫಾ ಮೇಲೆ ನಡೆಯುವ ಇರುಸುಮುರುಸು ಭರತನಿಗೂ ಗೊತ್ತಿತ್ತು.

ಆದರೆ ಇಲ್ಲಿಗೆ ನಿಲ್ಲಿಸಿಬಿಟ್ಟರೆ ಮೋಸ ಆಗುತ್ತೆ. ಅದೇ ಗ್ರಂಥದ ಇನ್ನೊಂದು ಕಡೆ, ಅಂಕದೊಳಗೆ ಕಣ್ಣೆದುರಿಗೆ ತೋರಿಸಬಾರದ್ದು ಅಂತ ಬೇರೆ ಸಂಗತಿಗಳೂ ಬರ್ತವೆ: ಯುದ್ಧ, ಸಾವು, ರಾಜ್ಯ ಕಳೆದುಕೊಳ್ಳೋದು, ನಗರಕ್ಕೆ ಮುತ್ತಿಗೆ ಹಾಕೋದು. ಇವನ್ನೆಲ್ಲ ನಡುವಿನ ಪ್ರವೇಶಕ ದೃಶ್ಯಗಳಲ್ಲಿ ಪಾತ್ರಗಳ ಬಾಯಲ್ಲಿ ಹೇಳಿಸಿ ಅನ್ನುತ್ತೆ ಶಾಸ್ತ್ರ. ಅಂದ್ರೆ ಒಂದೇ ಪುಸ್ತಕದಲ್ಲಿ ಮುತ್ತಿಗೂ ಕತ್ತರಿ, ಕೊಲೆಗೂ ಕತ್ತರಿ.

ಶಾಸ್ತ್ರ ಹೇಳಿದ್ದನ್ನ ಎಲ್ಲರೂ ಪಾಲಿಸಿದರು ಅಂತಲ್ಲ. ಭಾಸನ ಊರುಭಂಗದಲ್ಲಿ ದುರ್ಯೋಧನ ರಂಗದ ಮೇಲೇ ಪ್ರಾಣ ಬಿಡ್ತಾನೆ. ನಮ್ಮ ಯಕ್ಷಗಾನದಲ್ಲಿ ಕೀಚಕವಧೆ ಪ್ರಸಂಗಕ್ಕೆ ಜನ ರಾತ್ರಿಯಿಡೀ ಕೂತಿರ್ತಾರೆ. ಇತ್ತ ಹಳಗನ್ನಡದ ಚಂಪೂ ಕಾವ್ಯಗಳಲ್ಲಿ ಶೃಂಗಾರಕ್ಕೂ ರಣರಂಗಕ್ಕೂ ಸಮಸಮ ಜಾಗ ಇತ್ತು. ಆ ಕಾಲದ ಕವಿಗಳು ಒಂದನ್ನ ಮುಚ್ಚಿ ಇನ್ನೊಂದನ್ನ ಮೆರೆಸಿದವರಲ್ಲ.

ಇಲ್ಲಿ ಒಂದು ಕನ್ನಡ ಕಾವ್ಯವನ್ನ ನೆನಪಿಸಲೇಬೇಕು. 1209ರಲ್ಲಿ ಹೊಯ್ಸಳರ ಆಸ್ಥಾನದ ಕವಿ ಜನ್ನ ಬರೆದ ಯಶೋಧರ ಚರಿತೆ. ಅದರ ಕಥೆ ನಿಮ್ಮಲ್ಲಿ ಕೆಲವರಿಗೆ ಗಿರೀಶ್ ಕಾರ್ನಾಡರ ಹಿಟ್ಟಿನ ಹುಂಜ ನಾಟಕದಿಂದ ಗೊತ್ತಿರಬಹುದು. ರಾಣಿ ಅಮೃತಮತಿ ಒಬ್ಬ ಕುರೂಪಿ ಮಾವುತನ ಹಾಡಿಗೆ ಮರುಳಾಗ್ತಾಳೆ. ಅವಳ ಆಸೆಯನ್ನ ಕವಿ ಒಪ್ಪಲ್ಲ, ಆದರೆ ಮುಚ್ಚಿಡೋದೂ ಇಲ್ಲ. ಆಮೇಲೆ ರಾಜನ ತಾಯಿ ಬಲಿ ಕೊಡಬೇಕು ಅಂತ ಹಟ ಹಿಡಿದಾಗ, ನಿಜವಾದ ಕೋಳಿ ಬೇಡ ಅಂತ ಹಿಟ್ಟಿನಲ್ಲಿ ಹುಂಜ ಮಾಡಿ ಕಡೀತಾರೆ. ಅಷ್ಟಕ್ಕೇ ತಾಯಿ-ಮಗ ಇಬ್ಬರೂ ಜನ್ಮ ಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ನರಳ್ತಾರೆ. ಜೈನರು ಇದನ್ನ ಸಂಕಲ್ಪ ಹಿಂಸೆ ಅಂತಾರೆ. ಕಡಿದದ್ದು ಹಿಟ್ಟನ್ನ, ಅಂದ್ರೆ ಬರೀ ಒಂದು ಆಕಾರವನ್ನ. ಆದರೂ ಕಡಿಯುವ ಮನಸ್ಸು ನಿಜವಾದದ್ದೇ ಅಂತ ಆ ಕಾವ್ಯದ ವಾದ. ಎಂಟು ನೂರು ವರ್ಷದ ಹಿಂದೆ, ನಮ್ಮ ಭಾಷೆಯಲ್ಲೇ, ಹಿಂಸೆಯ ಚಿತ್ರವನ್ನ ಇಷ್ಟು ಗಂಭೀರವಾಗಿ ತಗೊಂಡವರಿದ್ದರು.

ಹಾಗಾದ್ರೆ ಮುತ್ತು ಮಾತ್ರ ಭಾರ, ಮಚ್ಚು ಹಗುರ ಅನ್ನೋದು ಎಲ್ಲಿಂದ ಬಂತು?

ಬ್ರಿಟಿಷರಿಗೆ ಭಯ ಇದ್ದದ್ದು ಬೇರೆಯದಕ್ಕೆ

ಭಾರತದಲ್ಲಿ ಸಿನಿಮಾ ಸೆನ್ಸಾರ್ ಶುರುವಾಗಿದ್ದು 1918ರ ಸಿನೆಮಾಟೋಗ್ರಾಫ್ ಕಾಯ್ದೆಯಿಂದ. 1920ರ ಹೊತ್ತಿಗೆ ಬಾಂಬೆ, ಕಲ್ಕತ್ತಾ, ಮದ್ರಾಸ್, ರಂಗೂನ್‌ಗಳಲ್ಲಿ ಸೆನ್ಸಾರ್ ಮಂಡಳಿಗಳು ಬಂದವು. ಆ ಮಂಡಳಿಗಳನ್ನ ಯಾವ ಥರದ ಸಿನಿಮಾ ಕಾಡ್ತಿತ್ತು ನೋಡಿ. 1921ರ ಮೂಕಿ ಚಿತ್ರ ಭಕ್ತ ವಿದುರ ಮಹಾಭಾರತದ ಕಥೆ. ಆದರೆ ಅದರ ವಿದುರ ಗಾಂಧಿ ಟೋಪಿ ಹಾಕಿಕೊಂಡು ಗಾಂಧೀಜಿಯ ಹಾಗೇ ಕಾಣ್ತಿದ್ದ. ಮದ್ರಾಸ್‌ನಲ್ಲೂ ಕರಾಚಿಯಲ್ಲೂ ಅದನ್ನ ನಿಷೇಧಿಸಿದರು. ಕಾರಣ ರಾಜಕೀಯ.

ಎರಡನೇ ಭಯ ಇನ್ನೂ ವಿಚಿತ್ರ. ಅಮೆರಿಕದ ಸಿನಿಮಾಗಳಲ್ಲಿ ಬಿಳಿಯ ಹೆಂಗಸರು ಕುಣಿಯೋದನ್ನ, ಮುದ್ದು ಮಾಡೋದನ್ನ ಭಾರತೀಯರು ನೋಡಿದರೆ ಆಳುವವರ ಮರ್ಯಾದೆ ಏನಾಗಬೇಕು ಅನ್ನುವ ಚಿಂತೆ ಲಂಡನ್‌ನಲ್ಲಿ ಶುರುವಾಯ್ತು. ಈ ಗದ್ದಲದ ನಡುವೆ 1927ರಲ್ಲಿ ಮದ್ರಾಸಿನ ವಕೀಲ ಟಿ. ರಂಗಾಚಾರಿಯರ್ ಅಧ್ಯಕ್ಷತೆಯಲ್ಲಿ ಭಾರತೀಯ ಸಿನೆಮಾಟೋಗ್ರಾಫ್ ಸಮಿತಿ ನೇಮಕ ಆಯ್ತು. ಊರೂರು ಸುತ್ತಿ ನೂರಾರು ಜನರ ಸಾಕ್ಷಿ ತಗೊಂಡು 1928ರಲ್ಲಿ ವರದಿ ಕೊಟ್ಟರು.

ಇದೇ ಕಾಲದಲ್ಲಿ ಭಾರತೀಯ ನಟ-ನಟಿಯರು ತೆರೆ ಮೇಲೆ ಮುತ್ತು ಕೊಡ್ತಾ ಇದ್ದರು. 1929ರ ಎ ಥ್ರೋ ಆಫ್ ಡೈಸ್ ಅನ್ನುವ ಮೂಕಿ ಚಿತ್ರದಲ್ಲಿ ಸೀತಾ ದೇವಿ ಮತ್ತು ಚಾರು ರಾಯ್, 1933ರ ಕರ್ಮ ಚಿತ್ರದಲ್ಲಿ ದೇವಿಕಾ ರಾಣಿ ಮತ್ತು ಹಿಮಾಂಶು ರಾಯ್. ಈ ಕೊನೆಯ ಇಬ್ಬರು ನಿಜಜೀವನದಲ್ಲೂ ಗಂಡ-ಹೆಂಡತಿ. ಸಂಸ್ಕೃತಿ ಹಾಳಾಯ್ತು ಅಂತ ದೇಶ ಮುಳುಗಲಿಲ್ಲ. ಅದೇ ದಂಪತಿ ಮುಂದಿನ ವರ್ಷ ಬಾಂಬೆ ಟಾಕೀಸ್ ಕಟ್ಟಿದರು, ಅಲ್ಲಿಂದ ಅಶೋಕ್ ಕುಮಾರ್‌ನಂಥ ಸ್ಟಾರ್‌ಗಳು ಬಂದರು.

ಮುತ್ತು ತೆರೆಯಿಂದ ಹೆಚ್ಚುಕಮ್ಮಿ ಮಾಯವಾಗಿದ್ದು ಸ್ವಾತಂತ್ರ್ಯ ಬಂದ ಮೇಲೆ. 1952ರಲ್ಲಿ ಹೊಸ ಸಿನೆಮಾಟೋಗ್ರಾಫ್ ಕಾಯ್ದೆ ಬಂತು. ಕಾಯ್ದೆಯಲ್ಲಿ ಮುತ್ತು ಅನ್ನುವ ಪದವೇ ಇಲ್ಲ. ಸಭ್ಯತೆ, ನೈತಿಕತೆ ಅಂತಿದೆ ಅಷ್ಟೇ. ಹೊಸ ದೇಶ ತನ್ನನ್ನ ಜಗತ್ತಿನ ಮುಂದೆ ಶುದ್ಧವಾಗಿ ತೋರಿಸಿಕೊಳ್ಳಬೇಕು ಅನ್ನುವ ಹಂಬಲ ಮಿಕ್ಕಿದ್ದನ್ನ ಮಾಡಿತು. ಎರಡು ಹೂವು ತಾಗುವ ಶಾಟ್ ನಮ್ಮ ಸಿನಿಮಾದ ವ್ಯಾಕರಣ ಆಗಿದ್ದು ಆಗ.

ಒಂದೇ ಕಾದಂಬರಿ, ನಾಲ್ಕು ಕೋರ್ಟು

ಸಿನಿಮಾ ಬಿಟ್ಟು ಸ್ವಲ್ಪ ಹೊತ್ತು ಪುಸ್ತಕಕ್ಕೆ ಬರೋಣ. ಯಾಕೆಂದರೆ ಅಶ್ಲೀಲ ಅಂದ್ರೆ ಏನು ಅಂತ ಕಾನೂನು ತೀರ್ಮಾನ ಮಾಡಿದ್ದು ಮೊದಲು ಪುಸ್ತಕಗಳ ಮೇಲೆ.

1868ರಲ್ಲಿ ಇಂಗ್ಲೆಂಡಿನಲ್ಲಿ ಹಿಕ್ಲಿನ್ ಅನ್ನುವ ಪ್ರಕರಣ ಬಂತು. ಕ್ಯಾಥೊಲಿಕ್ ಪಾದ್ರಿಗಳನ್ನ ಬಯ್ಯುವ ಒಂದು ಕಿರುಪುಸ್ತಕದ ಮೇಲಿನ ಕೇಸು. ಮುಖ್ಯ ನ್ಯಾಯಮೂರ್ತಿ ಕಾಕ್‌ಬರ್ನ್ ಒಂದು ಪರೀಕ್ಷೆ ಕೊಟ್ಟರು. ಸುಲಭವಾಗಿ ಕೆಡುವಂಥ ಮನಸ್ಸಿನವರ ಕೈಗೆ ಈ ಬರಹ ಸಿಕ್ಕರೆ ಅವರು ಕೆಡ್ತಾರಾ? ಹೌದಾದರೆ ಅದು ಅಶ್ಲೀಲ. ಇಡೀ ಪುಸ್ತಕ ಏನು ಹೇಳುತ್ತೆ, ಬರೆದವನ ಉದ್ದೇಶ ಏನು ಅನ್ನೋದು ಹಿಂದೆ ಸರಿಯಿತು. ಈ ಅಳತೆಗೋಲು ಸಾಮ್ರಾಜ್ಯದ ಜೊತೆ ಭಾರತಕ್ಕೂ ಬಂತು, ಭಾರತೀಯ ದಂಡ ಸಂಹಿತೆಯ 292ನೇ ಕಲಮಿಗೆ ಜೋತುಬಿತ್ತು.

ಈಗ ಡಿ.ಎಚ್. ಲಾರೆನ್ಸ್‌ನ ಲೇಡಿ ಚಾಟರ್ಲೀಸ್ ಲವರ್ ಕಾದಂಬರಿ ನೋಡಿ. ಜಪಾನಿನ ಸುಪ್ರೀಂ ಕೋರ್ಟು 1957ರಲ್ಲಿ ಅನುವಾದಕನಿಗೂ ಪ್ರಕಾಶಕನಿಗೂ ಶಿಕ್ಷೆ ಖಾಯಂ ಮಾಡಿತು. ಅಮೆರಿಕದಲ್ಲಿ 1959ರಲ್ಲಿ ಕೋರ್ಟು ಆ ಪುಸ್ತಕವನ್ನ ಅಂಚೆಯಲ್ಲಿ ಕಳಿಸಬಹುದು ಅಂತು. ಇಂಗ್ಲೆಂಡ್ 1959ರಲ್ಲಿ ಹೊಸ ಕಾಯ್ದೆ ಮಾಡಿ, ಪುಸ್ತಕವನ್ನ ಇಡಿಯಾಗಿ ನೋಡಬೇಕು, ಸಾಹಿತ್ಯದ ಬೆಲೆ ನೋಡಬೇಕು ಅಂತ ನಿಯಮ ಬದಲಿಸಿತು. ಮರುವರ್ಷ ಪೆಂಗ್ವಿನ್ ಪ್ರಕಾಶನ ಖುಲಾಸೆ ಆಯ್ತು.

ನಮ್ಮಲ್ಲಿ? ಬಾಂಬೆಯ ಒಂದು ಪುಸ್ತಕದಂಗಡಿಯ ಪಾಲುದಾರರ ಮೇಲೆ ಕೇಸಾಯ್ತು. ತಲಾ 20 ರೂಪಾಯಿ ದಂಡ. ಅವರ ಪರವಾಗಿ ಸಾಕ್ಷಿ ಹೇಳಲು ಲೇಖಕ ಮುಲ್ಕ್ ರಾಜ್ ಆನಂದ್ ಬಂದಿದ್ದರು. ರಂಜಿತ್ ಉದೇಶಿ ಪ್ರಕರಣ ಅಂತ ಹೆಸರಾದ ಇದು ಸುಪ್ರೀಂ ಕೋರ್ಟಿನವರೆಗೂ ಹೋಯ್ತು. 1964ರಲ್ಲಿ ನ್ಯಾಯಮೂರ್ತಿ ಹಿದಾಯತುಲ್ಲಾ ಬರೆದ ತೀರ್ಪು ಶಿಕ್ಷೆಯನ್ನ ಎತ್ತಿಹಿಡಿಯಿತು, ಹಿಕ್ಲಿನ್ ಪರೀಕ್ಷೆಯನ್ನೂ ಉಳಿಸಿಕೊಂಡಿತು. ಅಂದ್ರೆ ಇಂಗ್ಲೆಂಡು ತನ್ನ ಹಳೇ ಅಳತೆಗೋಲನ್ನ ಬದಿಗಿಟ್ಟ ಐದು ವರ್ಷದ ಮೇಲೆ ನಾವು ಅದನ್ನ ಗಟ್ಟಿಯಾಗಿ ಹಿಡಿದುಕೊಂಡೆವು. ಅದನ್ನ ನಮ್ಮ ಸುಪ್ರೀಂ ಕೋರ್ಟು ಕೈಬಿಟ್ಟಿದ್ದು 2014ರಲ್ಲಿ, ಅವೀಕ್ ಸರ್ಕಾರ್ ಪ್ರಕರಣದಲ್ಲಿ. ಟೆನಿಸ್ ಆಟಗಾರ ಬೋರಿಸ್ ಬೆಕರ್ ತನ್ನ ಸಂಗಾತಿಯ ಜೊತೆ ವರ್ಣಭೇದದ ವಿರುದ್ಧ ತೆಗೆಸಿಕೊಂಡಿದ್ದ ಬೆತ್ತಲೆ ಫೋಟೋ ಒಂದನ್ನ ಪತ್ರಿಕೆಗಳು ಅಚ್ಚು ಹಾಕಿದ್ದವು, ಅದರ ಕೇಸು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. 292ನೇ ಕಲಮು ಅಶ್ಲೀಲವನ್ನ ವಿವರಿಸುವಾಗ ಕಾಮಾಸಕ್ತಿಯ ಮಾತಾಡುತ್ತೆ. ರಕ್ತದ ಮಾತು ಅದರಲ್ಲಿಲ್ಲ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 294ನೇ ಕಲಮಾಗಿ ಮುಂದುವರಿದಿದೆ. ಹಿಂಸೆಯನ್ನ ತೋರಿಸುವ ಪ್ರಕಟಣೆಗಳಿಂದ ಮಕ್ಕಳನ್ನ ಕಾಪಾಡೋಕೆ ಅಂತ 1956ರಲ್ಲಿ ಒಂದು ಬೇರೆ ಕಾಯ್ದೆ ಬಂದಿತ್ತು, ಹಾರರ್ ಕಾಮಿಕ್ಸ್ ಬಗ್ಗೆ ಇಂಗ್ಲೆಂಡು ಮಾಡಿದ್ದ ಕಾಯ್ದೆಯ ಬೆನ್ನಲ್ಲೇ. ಅದರ ಹೆಸರು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? 292 ಮಾತ್ರ ಎಲ್ಲರಿಗೂ ಗೊತ್ತು. ಕಾನೂನಿನಲ್ಲಿ ಯಾವುದಕ್ಕೆ ಗಟ್ಟಿಯಾದ ಕಲಮು ಇರುತ್ತೋ, ಕತ್ತರಿ ಹೋಗೋದು ಅಲ್ಲಿಗೇ.

ಅಮೆರಿಕದ ತಕ್ಕಡಿ

ಫಾರಿನ್‌ನವರು ಎಲ್ಲ ಬಿಟ್ಟವರು ಅಂತೀವಲ್ಲ, ಅಮೆರಿಕದ ಕಥೆ ಕೇಳಿ. 1930ರಲ್ಲಿ ಹಾಲಿವುಡ್ ಒಂದು ಸಂಹಿತೆ ಒಪ್ಪಿಕೊಂಡಿತು. ಅದನ್ನ ಬರೆಯೋದರಲ್ಲಿ ಮುಖ್ಯ ಪಾತ್ರ ವಹಿಸಿದವರು ಡೇನಿಯಲ್ ಲಾರ್ಡ್ ಅನ್ನುವ ಕ್ಯಾಥೊಲಿಕ್ ಪಾದ್ರಿ ಮತ್ತು ಮಾರ್ಟಿನ್ ಕ್ವಿಗ್ಲಿ ಅನ್ನುವ ಪತ್ರಿಕೆಯ ಮಾಲೀಕ. ಜನ ಇದನ್ನ ಹೇಸ್ ಕೋಡ್ ಅಂತ ಕರೆದರು. 1934ರಿಂದ ಜೋಸೆಫ್ ಬ್ರೀನ್ ಕೈಯಲ್ಲಿ ಅದು ಕಟ್ಟುನಿಟ್ಟಾಯ್ತು. ದೀರ್ಘ ಮುತ್ತಿಗೆ ಕತ್ತರಿ, ಜೊತೆಗೆ ಅಪರಾಧ ಮಾಡುವ ವಿಧಾನವನ್ನ ವಿವರವಾಗಿ ತೋರಿಸೋಕೂ ತಡೆ. ಭರತಮುನಿಯ ಹಾಗೇ ಎರಡೂ ಕಡೆ ಕತ್ತರಿ ಅನ್ನಿ.

1968ರಲ್ಲಿ ಈ ಸಂಹಿತೆ ಹೋಗಿ ವಯಸ್ಸಿನ ಸರ್ಟಿಫಿಕೇಟ್ ಪದ್ಧತಿ ಬಂತು. ಕೋರ್ಟಿನ ದಾರಿ ಮಾತ್ರ ಬೇರೆ ಕಡೆ ಹೋಯ್ತು. ಕಾಮಕ್ಕೆ ಸಂಬಂಧಪಟ್ಟ ಅಶ್ಲೀಲತೆಗೆ ವಾಕ್ ಸ್ವಾತಂತ್ರ್ಯದ ರಕ್ಷಣೆ ಇಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟು 1957ರಲ್ಲೂ 1973ರಲ್ಲೂ ಹೇಳಿತು. ಹಿಂಸೆಯ ಬಗ್ಗೆ ಹಾಗೆ ಹೇಳಲೇ ಇಲ್ಲ. ಇದರ ಫಲ ಕಾಣಿಸಿದ್ದು 2011ರಲ್ಲಿ. ಕ್ಯಾಲಿಫೋರ್ನಿಯಾ ರಾಜ್ಯ ಹಿಂಸೆ ತುಂಬಿದ ವಿಡಿಯೋ ಗೇಮ್‌ಗಳನ್ನ ಮಕ್ಕಳಿಗೆ ಮಾರಬಾರದು ಅಂತ ಕಾನೂನು ಮಾಡಿತ್ತು. 2005ರಲ್ಲಿ ಅದಕ್ಕೆ ಸಹಿ ಹಾಕಿದ ಗವರ್ನರ್ ಯಾರು ಗೊತ್ತಾ? ಟರ್ಮಿನೇಟರ್ ಖ್ಯಾತಿಯ ಆರ್ನಾಲ್ಡ್ ಶ್ವಾರ್ಜ್‌ನೆಗ್ಗರ್! ಸುಪ್ರೀಂ ಕೋರ್ಟು ಆ ಕಾನೂನನ್ನ ಹೊಡೆದುಹಾಕಿತು. ಬಹುಮತದ ತೀರ್ಪು ಬರೆದ ಸ್ಕಾಲಿಯಾ, ಮಕ್ಕಳಿಗೆ ಹೇಳುವ ಗ್ರಿಮ್ ಸೋದರರ ಕಥೆಗಳಲ್ಲೇ ಬೇಕಾದಷ್ಟು ಕ್ರೌರ್ಯ ಇದೆ ಅಂದರು. ಭಿನ್ನಮತದ ಬ್ರೇಯರ್ ಒಂದು ಪ್ರಶ್ನೆ ಎತ್ತಿದರು. ಹದಿಮೂರು ವರ್ಷದ ಹುಡುಗನಿಗೆ ಬೆತ್ತಲೆ ಹೆಂಗಸಿನ ಚಿತ್ರ ಇರುವ ಪತ್ರಿಕೆ ಮಾರೋದನ್ನ ತಡೆಯಬಹುದು, ಆದರೆ ಅದೇ ಹುಡುಗ ಹೆಂಗಸೊಬ್ಬಳನ್ನ ಕಟ್ಟಿಹಾಕಿ, ಹಿಂಸೆ ಕೊಟ್ಟು ಕೊಲ್ಲುವ ಗೇಮ್ ಮಾರೋದನ್ನ ತಡೆಯೋಕಾಗಲ್ಲ ಅಂದ್ರೆ ಇದೆಂಥಾ ನ್ಯಾಯ?

ಈ ಪ್ರಶ್ನೆ ನಮ್ಮ ಹಾಲ್‌ಗೂ ಅನ್ವಯಿಸುತ್ತೆ ಅಲ್ವಾ? ಅಮೆರಿಕದವರು ಮತ್ತು ನಾವು ಇಷ್ಟು ಬೇರೆ ಅಂದುಕೊಂಡಿದ್ದೀವಿ. ಆದರೆ ಇಬ್ಬರ ಕಾನೂನಿನಲ್ಲೂ ಅಶ್ಲೀಲ ಅಂದ್ರೆ ಕಾಮ ಮಾತ್ರ.

ಸ್ವೀಡನ್‌ನಲ್ಲಿ ಇ.ಟಿ., ಜರ್ಮನಿಯಲ್ಲಿ ರೋಬೋ

ತಕ್ಕಡಿಯನ್ನ ಉಲ್ಟಾ ಹಿಡಿದ ದೇಶಗಳೂ ಇವೆ. ಸ್ವೀಡನ್ 1911ರಲ್ಲೇ ಸರ್ಕಾರಿ ಸಿನಿಮಾ ಸೆನ್ಸಾರ್ ಕಚೇರಿ ತೆರೆಯಿತು. ನೂರು ವರ್ಷ ನಡೆಸಿ 2011ರಲ್ಲಿ ಮುಚ್ಚಿತು. ಆ ಕಚೇರಿ 1967ರಲ್ಲಿ ಐ ಆಮ್ ಕ್ಯೂರಿಯಸ್ (ಯೆಲ್ಲೋ) ಅನ್ನುವ, ಬೆತ್ತಲೆ ಮತ್ತು ಕಾಮದ ದೃಶ್ಯಗಳಿದ್ದ ಸ್ವೀಡಿಶ್ ಚಿತ್ರಕ್ಕೆ ಒಪ್ಪಿಗೆ ಕೊಟ್ಟಿತು. ಮರುವರ್ಷ ಅದೇ ಚಿತ್ರದ ಪ್ರಿಂಟನ್ನ ಅಮೆರಿಕದ ಕಸ್ಟಮ್ಸ್‌ನವರು ಜಪ್ತಿ ಮಾಡಿದರು. ಈಗ ಇದರ ತಿರುಗುಮುರುಗು ನೋಡಿ. 1982ರಲ್ಲಿ ಸ್ಪೀಲ್‌ಬರ್ಗ್‌ನ ಇ.ಟಿ. ಬಂತು. ಇಡೀ ಅಮೆರಿಕ ಮಕ್ಕಳನ್ನ ಕರಕೊಂಡು ಹೋಗಿ ನೋಡಿತು. ಸ್ವೀಡನ್‌ನಲ್ಲಿ 11 ವರ್ಷದೊಳಗಿನವರಿಗೆ ಪ್ರವೇಶ ಇಲ್ಲ ಅಂದರು! ಮಕ್ಕಳೇ ಬೀದಿಗಿಳಿದು ಪ್ರತಿಭಟನೆ ಮಾಡಿದ್ದರು. ಅಮೆರಿಕಕ್ಕೆ ಮೈ ಕಂಡರೆ ಭಯ, ಸ್ವೀಡನ್‌ಗೆ ಮಗು ಹೆದರಿದರೆ ಭಯ.

ಜರ್ಮನಿಯ ಕಥೆ ಗೇಮ್ ಆಡುವವರಿಗೆ ಇಷ್ಟ ಆಗಬಹುದು. ಹಿಟ್ಲರನ ಕಾಲ ಕಂಡ ಆ ದೇಶದ ದಂಡ ಸಂಹಿತೆಯಲ್ಲಿ ಹಿಂಸೆಯನ್ನ ವೈಭವೀಕರಿಸುವ ಚಿತ್ರಣಕ್ಕೆ ಅಂತಲೇ 131ನೇ ಕಲಮು ಇದೆ, 1973ರಿಂದ ಈ ರೂಪದಲ್ಲಿ. ನಮ್ಮಲ್ಲಿ 292 ಹೇಗೋ, ಅಲ್ಲಿ ಇದು ಎಲ್ಲರಿಗೂ ಗೊತ್ತಿರುವ ಕಲಮು. ಹಾಗಾಗಿ 1998ರಲ್ಲಿ ಹಾಫ್-ಲೈಫ್ ಗೇಮ್ ಜರ್ಮನಿಗೆ ಬಂದಾಗ ಅದರ ಸೈನಿಕರೆಲ್ಲ ರೋಬೋಗಳಾಗಿದ್ದರು. ಗುಂಡು ತಗುಲಿದರೆ ರಕ್ತ ಬರಲ್ಲ, ಯಂತ್ರದ ಚೂರು ಬೀಳ್ತವೆ. ಇನ್ನು ವೋಲ್ಫೆನ್‌ಸ್ಟೈನ್ 3ಡಿ ಗೇಮನ್ನ 1994ರಲ್ಲಿ ಜಪ್ತಿ ಮಾಡಿದ್ದು ನಾಜಿ ಚಿಹ್ನೆಗಳಿಗಾಗಿ. ಆ ಚಿಹ್ನೆಗಳನ್ನ ಸಂದರ್ಭ ನೋಡಿ ಒಪ್ಪಬಹುದು ಅಂತ ನಿಯಮ ಸಡಿಲ ಆಗಿದ್ದು 2018ರಲ್ಲಿ.

ಹೀಗೆ ಪ್ರತಿ ದೇಶದ ಕತ್ತರಿಯ ಹಿಂದೆ ಆ ದೇಶ ಪಟ್ಟ ಪಾಡು ಇದೆ. ಹಾಗಾದ್ರೆ ನಮ್ಮ ಕತ್ತರಿಯ ಹಿಂದೆ ಏನಿದೆ?

ರಾಮನಗರದ ಬಂಡೆ, ಮಲೆನಾಡಿನ ಅಗ್ರಹಾರ

ಇಲ್ಲಿ ಎರಡು ಸಿನಿಮಾ ಸಾಕು, ಎರಡೂ ನಮ್ಮ ನೆಲದಲ್ಲಿ ಚಿತ್ರೀಕರಣ ಆದವು.

ಮೊದಲನೆಯದು ಶೋಲೆ. ಬೆಂಗಳೂರಿನ ಪಕ್ಕದ ರಾಮನಗರದ ಬಂಡೆಗಳ ನಡುವೆ ತೆಗೆದ ಚಿತ್ರ, 1975ರ ಆಗಸ್ಟ್‌ನಲ್ಲಿ ಬಿಡುಗಡೆ, ತುರ್ತು ಪರಿಸ್ಥಿತಿಯ ಕಾಲ. ಮೂಲ ಚಿತ್ರದ ಕೊನೆಯಲ್ಲಿ ಠಾಕೂರ್ ಮೊಳೆ ಹೊಡೆದ ಚಪ್ಪಲಿಯಿಂದ ಗಬ್ಬರ್‌ನನ್ನ ಕೊಲ್ಲುತ್ತಾನೆ. ಸೆನ್ಸಾರ್ ಒಪ್ಪಲಿಲ್ಲ. ಪೊಲೀಸ್ ಆಗಿದ್ದವನೇ ಕಾನೂನು ಕೈಗೆ ತಗೋಬಹುದಾ ಅನ್ನೋದು ತಕರಾರು. ಹಾಗಾಗಿ ಪೊಲೀಸರು ಬಂದು ಗಬ್ಬರ್‌ನನ್ನ ಹಿಡಿಯುವ ಹಾಗೆ ಕೊನೆ ಬದಲಾಯ್ತು. ಮೂಲ ಕೊನೆಯನ್ನ ಸೇರಿಸಿ ಸರಿಪಡಿಸಿದ ಪ್ರತಿ ಹೊರಬಂದಿದ್ದು 2025ರಲ್ಲಿ, ಐವತ್ತು ವರ್ಷದ ಮೇಲೆ. ಗಮನಿಸಿ, ಕೈ ಕತ್ತರಿಸಿದ್ದು, ಇಡೀ ಕುಟುಂಬವನ್ನ ಕೊಂದಿದ್ದು ಕಥೆಯಲ್ಲಿ ಹಾಗೇ ಉಳಿದವು. ದೊಡ್ಡ ಬದಲಾವಣೆ ಆಗಿದ್ದು ಸರ್ಕಾರದ ಅಧಿಕಾರಕ್ಕೆ ಧಕ್ಕೆ ಬರುವ ಜಾಗದಲ್ಲಿ.

ಎರಡನೆಯದು 1970ರ ಸಂಸ್ಕಾರ. ಯು.ಆರ್. ಅನಂತಮೂರ್ತಿಯವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ, ಪ್ರಾಣೇಶಾಚಾರ್ಯನಾಗಿ ಗಿರೀಶ್ ಕಾರ್ನಾಡ್, ನಾರಣಪ್ಪನಾಗಿ ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಶೃಂಗೇರಿಯ ಹತ್ತಿರದ ಹಳ್ಳಿಯಲ್ಲಿ ತೆಗೆದದ್ದು. ಮದ್ರಾಸ್ ಸೆನ್ಸಾರ್ ಮಂಡಳಿ ಇದನ್ನ ತಡೆಯಿತು. ಕಥೆಯಲ್ಲಿ ಆಚಾರ್ಯ ಚಂದ್ರಿಯನ್ನ ಕೂಡ್ತಾನೆ, ನಿಜ. ಆದರೆ ದೊಡ್ಡ ಚಿಂತೆ ಇದ್ದದ್ದು ಜಾತಿಯ ವಿಷಯ, ಒಂದು ಸಮುದಾಯದವರು ಏನಂತಾರೋ ಅನ್ನೋದು. ಕೊನೆಗೆ ಕೇಂದ್ರದ ಮಟ್ಟದಲ್ಲಿ ತಡೆ ತೆರವಾಯ್ತು, ಅದೇ ಚಿತ್ರಕ್ಕೆ ಆ ವರ್ಷದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು.

ಇದೇ ಹೊತ್ತಿಗೆ ದೆಹಲಿಯಲ್ಲಿ ಸೆನ್ಸಾರ್ ಬಗ್ಗೆಯೇ ದೊಡ್ಡ ಚರ್ಚೆ ನಡೀತಿತ್ತು. ನಿವೃತ್ತ ನ್ಯಾಯಮೂರ್ತಿ ಜಿ.ಡಿ. ಖೋಸ್ಲಾ ಸಮಿತಿ 1969ರಲ್ಲಿ ವರದಿ ಕೊಟ್ಟು, ಕಥೆಗೆ ಬೇಕಾದರೆ ಮುತ್ತನ್ನಾಗಲಿ ಬೆತ್ತಲೆಯನ್ನಾಗಲಿ ತೋರಿಸಬಹುದು ಅಂದಿತು. 1970ರಲ್ಲಿ ಕೆ.ಎ. ಅಬ್ಬಾಸ್ ಪ್ರಕರಣದ ತೀರ್ಪು ಬಂತು. ನಾಲ್ಕು ಮಹಾನಗರಗಳ ಐಷಾರಾಮ ಮತ್ತು ಬಡತನವನ್ನ ಪಕ್ಕಪಕ್ಕ ಇಟ್ಟ ಅವರ ಕಿರುಚಿತ್ರದಲ್ಲಿ ಬಾಂಬೆಯ ವೇಶ್ಯಾವಾಟಿಕೆಯ ದೃಶ್ಯ ಇತ್ತು ಅಂತ ಎಲ್ಲರೂ ನೋಡಬಹುದಾದ ಯು ಸರ್ಟಿಫಿಕೇಟ್ ಕೊಟ್ಟಿರಲಿಲ್ಲ. ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ. ಹೌದು, ಲೇಡಿ ಚಾಟರ್ಲಿ ತೀರ್ಪಿನವರೇ. ಸಿನಿಮಾ ಸೆನ್ಸಾರ್ ಇರಬಹುದು ಅಂತ ಒಪ್ಪಿದರು. ಆದರೆ ವಸ್ತು ಕಾಮವೋ ಹಿಂಸೆಯೋ ಅನ್ನೋದಕ್ಕೆ ಕತ್ತರಿ ಬೀಳಬಾರದು, ಅದನ್ನ ಹೇಗೆ ತೋರಿಸಿದ್ದಾರೆ ಅನ್ನೋದನ್ನ ನೋಡಬೇಕು ಅನ್ನುವ ಅರ್ಥದ ಮಾತು ಬರೆದರು. 1996ರಲ್ಲಿ ಬ್ಯಾಂಡಿಟ್ ಕ್ವೀನ್ ಚಿತ್ರದ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದೇ ದಾರಿ ಹಿಡಿಯಿತು. ಹೆಣ್ಣನ್ನ ಬೆತ್ತಲೆ ಮಾಡಿ ಅವಮಾನಿಸುವ ಆ ದೃಶ್ಯ ಹುಟ್ಟಿಸೋದು ಆಸೆಯನ್ನಲ್ಲ, ಹೇಸಿಗೆಯನ್ನ ಮತ್ತು ಅನುಕಂಪವನ್ನ ಅಂತು.

ಅಂದ್ರೆ ಸಮಿತಿ ಹೇಳಿಯಾಯ್ತು, ಕೋರ್ಟು ಹೇಳಿಯಾಯ್ತು. ಆದರೂ 2015ರಲ್ಲಿ ಸ್ಪೆಕ್ಟರ್ ಬಂದಾಗ ಜೇಮ್ಸ್ ಬಾಂಡ್‌ನ ಮುತ್ತನ್ನ ಅರ್ಧಕ್ಕೆ ಕತ್ತರಿಸಿದರು! ಯಾಕೆ?

ನನಗೆ ಕಾಣೋ ಕಾರಣ ಒಂದು ಪದದಲ್ಲಿದೆ. 1991ರ ಸೆನ್ಸಾರ್ ಮಾರ್ಗಸೂಚಿಯಲ್ಲಿ ಹಿಂಸೆಯ ಬಗ್ಗೆಯೂ ಎಚ್ಚರಿಕೆ ಇದೆ, ಇಲ್ಲ ಅಂತಲ್ಲ. ಆದರೆ ಅದು ತಡೆಯೋದು ಅನಗತ್ಯ ಹಿಂಸೆಯನ್ನ. ನಮ್ಮ ಕಮರ್ಷಿಯಲ್ ಸಿನಿಮಾದಲ್ಲಿ ಹೀರೋ ಮಾಡುವ ಹಿಂಸೆ ಯಾವತ್ತಾದರೂ ಅನಗತ್ಯ ಅನಿಸಿದೆಯಾ? ಅವನ ತಾಯಿಗೆ ಅನ್ಯಾಯ ಆಗಿರುತ್ತೆ, ತಂಗಿಗೆ ಅವಮಾನ ಆಗಿರುತ್ತೆ. ಕಥೆಯೇ ಆ ಹೊಡೆತಕ್ಕೆ ಲೈಸೆನ್ಸ್ ಕೊಟ್ಟಿರುತ್ತೆ. ಮುತ್ತು ಮಾತ್ರ ಯಾವತ್ತೂ ಅಗತ್ಯ ಅನಿಸಿಕೊಳ್ಳಲ್ಲ, ಕಥೆ ಪೂರ್ತಿ ಪ್ರೇಮದ್ದೇ ಆದರೂ. 1995ರ ಓಂ ಆದಮೇಲೆ ಕನ್ನಡದಲ್ಲಿ ಲಾಂಗು-ಮಚ್ಚಿನ ಚಿತ್ರಗಳ ಸಾಲೇ ಬಂತು. ಓಂ ಒಳ್ಳೇ ಸಿನಿಮಾ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸಾಲಿನ ಎಷ್ಟೋ ಚಿತ್ರಗಳಲ್ಲಿ ಹುಡುಗಿ ಬೇಡ ಅಂದರೂ ಹಿಂದೆ ಬೀಳೋದೇ ಪ್ರೀತಿ ಅಂತ ತೋರಿಸಿದ್ದನ್ನ ನಾವೆಲ್ಲ ಮನೆಮಂದಿ ಕೂತು ನೋಡಿದ್ದೀವಿ. ಅದರಲ್ಲಿ ಮೈ ಕಂಡಿರಲ್ಲ, ಹಾಗಾಗಿ ಅಶ್ಲೀಲ ಅನಿಸಿಲ್ಲ. ಒಪ್ಪಿಗೆಯಿಂದ ಕೊಟ್ಟ ಮುತ್ತು ಕೆಟ್ಟದ್ದು, ಒಪ್ಪಿಗೆ ಇಲ್ಲದೆ ಅಡ್ಡಗಟ್ಟಿದ್ದು ಮನರಂಜನೆ. ಹಿಕ್ಲಿನ್ ಅಳತೆಗೋಲಿಗೆ ಈ ವ್ಯತ್ಯಾಸ ಕಾಣಿಸೋದೇ ಇಲ್ಲ.

ಈಗ ಕತ್ತರಿ ಯಾರ ಕೈಯಲ್ಲಿ?

ಇಷ್ಟು ದಿನ ಕತ್ತರಿ ಮಂಡಳಿಯ ಕೈಯಲ್ಲಿತ್ತು. ಈಗ ಅರ್ಧ ನಮ್ಮ ಕೈಗೆ ಬಂದಿದೆ. 2021ರ ಐಟಿ ನಿಯಮಗಳು ಓಟಿಟಿಯಲ್ಲಿ ಬರೋದಕ್ಕೆ ಯು, ಯು/ಎ 7+, 13+, 16+, ಎ ಅಂತ ವಯಸ್ಸಿನ ಪಟ್ಟಿ ಹಾಕಬೇಕು, 13+ ಮತ್ತು ಮೇಲಿನದಕ್ಕೆ ಪೋಷಕರ ಲಾಕ್ ಇರಬೇಕು ಅಂತ ಹೇಳ್ತವೆ. 2023ರ ಸಿನೆಮಾಟೋಗ್ರಾಫ್ ತಿದ್ದುಪಡಿ ಥಿಯೇಟರ್ ಚಿತ್ರಗಳಿಗೂ ಇದೇ ಮೂರು ಯು/ಎ ಹಂತಗಳನ್ನ ತಂದಿತು. ಲಾಕ್ ಹಾಕೋದು ನೀವು, ಪಿನ್ ನಂಬರ್ ನಿಮ್ಮದು.

ನಮ್ಮಂಥವರ ಮಕ್ಕಳು ಹಿಂಜೆವಾಡಿಯಲ್ಲೋ ಗಚ್ಚಿಬೌಲಿಯಲ್ಲೋ ಅಪಾರ್ಟ್‌ಮೆಂಟ್‌ನಲ್ಲಿ ಬೆಳೀತಾ ಇವೆ. ಅಜ್ಜಿ ತಾತ ಜೊತೆಯಲ್ಲಿಲ್ಲ, ಬೀದಿಯ ಕನ್ನಡ ಇಲ್ಲ. ಅವಕ್ಕೆ ಕನ್ನಡ ಸಿಗೋದೇ ಪರದೆಯಿಂದ. ಆ ಕನ್ನಡದಲ್ಲಿ ಕೋಪಕ್ಕೆ ನೂರು ಡೈಲಾಗ್ ಇದ್ದು, ಪ್ರೀತಿ ಬಂದ ತಕ್ಷಣ ಅಪ್ಪ ಮುಂದಕ್ಕೆ ಓಡಿಸಿಬಿಟ್ಟರೆ, ಮಗುವಿಗೆ ಯಾವುದು ಸಹಜ, ಯಾವುದು ನಾಚಿಕೆಗೇಡು ಅಂತ ನಾವು ಹೇಳದೆಯೇ ಹೇಳಿಕೊಟ್ಟ ಹಾಗಾಗಲ್ವಾ?

ಮಕ್ಕಳಿಗೆ ಎಲ್ಲ ತೋರಿಸಿ ಅಂತ ನಾನು ಹೇಳ್ತಿಲ್ಲ. ಅತ್ತೆ-ಮಾವನ ಮುಂದೆ ಸಂಕೋಚ ಬೇಡ ಅಂತಲೂ ಅಲ್ಲ, ಆ ಸಂಕೋಚ ಭರತಮುನಿಯ ಕಾಲದ್ದು, ಇರಲಿ ಬಿಡಿ. ಆದರೆ ಸಂಸ್ಕೃತಿ ಅಂತ ಹೇಳೋದಾದರೆ ಪೂರ್ತಿ ಹೇಳೋಣ. ಭರತ ಸಾವನ್ನೂ ಪರದೆಯ ಹಿಂದಕ್ಕೆ ಕಳಿಸಿದ್ದ. ಜನ್ನ ಹಿಟ್ಟಿನ ಕೋಳಿ ಕಡಿದದ್ದಕ್ಕೂ ಲೆಕ್ಕ ಕೇಳಿದ್ದ. ಮುತ್ತನ್ನ ಕಂಡಾಗ ನಾವು ಕೇಳುವ ಪ್ರಶ್ನೆ, ಇದು ಬೇಕಿತ್ತಾ, ಮಗು ನೋಡಬಹುದಾ ಅನ್ನೋದು, ಮಚ್ಚನ್ನ ಕಂಡಾಗಲೂ ಕೇಳಬೇಕು. ಇಷ್ಟೇ ನನ್ನ ವಾದ.

ನಿಮ್ಮ ಮನೆಯಲ್ಲಿ ಮಕ್ಕಳಿಗೆ ಏನು ತೋರಿಸಬೇಕು ಅಂತ ಯಾರು ತೀರ್ಮಾನ ಮಾಡ್ತಾರೆ, ಹೇಗೆ ಮಾಡ್ತಾರೆ? ನನ್ನ ವಾದ ಒಪ್ಪದವರು ಖಂಡಿತ ಬರೀರಿ, ಯಾಕೆ ಒಪ್ಪಲ್ಲ ಅಂತಲೂ ಬರೀರಿ. ಮುಂದಿನ ವಾರ ಇನ್ನೊಂದು ವಿಷಯದ ಜೊತೆ ಸಿಗೋಣ.